ಒಂದೂವರೆ ಇಂಚಿನ ಮಂದಿ

ಬಬಲೇಶ್ವರದ ಧೂಳಪ್ಪ ಬಡಿಗೇರ ಗಟ್ಟಿ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಮಗ ಸತ್ತ ಸುದ್ದಿ ಬಂದ ದಿನ ಕೈಯಲ್ಲಿದ್ದ ತೊಟ್ಟಿಲಿನ ಕಾಲು ಕೂಡಿಸಿಯೇ ಎದ್ದನಂತೆ. ಮಣ್ಣು ಮಾಡಿ ಬಂದ ಮರುದಿನವೇ ಬಾಚಿ ಹಿಡಿದನಂತೆ. ಕಣ್ಣಲ್ಲಿ ಒಂದು ಹನಿ ನೀರು ಕಂಡವರಿಲ್ಲವಂತೆ. ನಮ್ಮ ಮಂದಿ ಕಲ್ಲಂಗಡಿ ಕೊಳ್ಳುವಾಗ ಹತ್ತು ಸಲ ಬಡಿದು ನೋಡುತ್ತಾರೆ. ಮನುಷ್ಯನನ್ನು ಮಾತ್ರ ದೂರದಿಂದ ನೋಡಿಯೇ ಗಟ್ಟಿ ಎಂದು ತೀರ್ಮಾನ ಕೊಟ್ಟುಬಿಡುತ್ತಾರೆ. ಧೂಳಪ್ಪ ಗಟ್ಟಿಯೂ ಆಗಿರಲಿಲ್ಲ, ಮೆತ್ತಗೂ ಆಗಿರಲಿಲ್ಲ. ಅವನಿಗೆ ಏನೂ ಅನಿಸುತ್ತಿರಲಿಲ್ಲ, ಅಷ್ಟೆ. ತಾಸುಗಟ್ಟಲೆ ಕಾಲು ಮಡಚಿ ಕೂತವನಿಗೆ ಜೋಮು ಹಿಡಿದು, ಕಾಲು ತನ್ನದೇ ಅಲ್ಲವೇನೋ ಎನಿಸುತ್ತದಲ್ಲ, ಅವನಿಗೆ ಮೈಯೆಲ್ಲ ಹಾಗಾಗಿತ್ತು. ರೊಟ್ಟಿ ತಿಂದರೆ ಹೊಟ್ಟೆ ತುಂಬುತ್ತಿತ್ತು, ಖಾರ ಹತ್ತುತ್ತಿರಲಿಲ್ಲ.

ಮಗನ ಹೆಸರು ಸಿದ್ದರಾಯ. ಅಪ್ಪನ ಉಳಿ ಬಾಚಿ ಅವನ ಕೈಗೆ ಒಗ್ಗಲಿಲ್ಲ. ವಿಜಾಪುರದ ಒಂದು ಸೈಕಲ್ ಅಂಗಡಿಯಲ್ಲಿ ನಾಲ್ಕು ವರ್ಷ ಪಂಕ್ಚರ್ ತಿದ್ದಿದ. ಅಲ್ಲಿಂದ ಯಾರದೋ ಗುರುತು ಹಿಡಿದು ಉತ್ತರದ ಕಡೆಯ ಒಂದು ವಿಮಾನ ನೆಲೆಗೆ ಹೋದ. ಸಿಪಾಯಿಯಾಗಿ ಅಲ್ಲ, ಕೂಲಿ ಸಹಾಯಕನಾಗಿ. ವಿಮಾನದ ಗಾಲಿಗಳಿಗೆ ಗಾಳಿ ತುಂಬುವ ಕೆಲಸ ಎಂದು ಕಾಗದ ಬರೆದಿದ್ದ. ಎಪ್ಪತ್ತೊಂದನೆಯ ಇಸವಿಯ ಶ್ರಾವಣದಲ್ಲಿ ಒಂದು ಗಾಲಿ ಸಿಡಿದು ಸತ್ತ. ಆಗ ಅವನಿಗೆ ಇಪ್ಪತ್ತನಾಲ್ಕು.

ಯುದ್ಧ ಶುರುವಾದದ್ದು ಅದಾಗಿ ನಾಲ್ಕು ತಿಂಗಳ ಮೇಲೆ. ಯುದ್ಧ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಅಪ್ಪಂದಿರನ್ನು ಕರೆದು ಶಾಲು ಹೊದಿಸಿದರು. ಹಿರಿಯರು ಕೂಡಿ, ಯುದ್ಧದಲ್ಲಿ ತೀರಿದವರ ಹೆಸರು ಬರೆಸಿದ ಒಂದು ಹಲಗೆ ಚಾವಡಿಯಲ್ಲಿ ತೂಗುಹಾಕಬೇಕೆಂದರು. ಹಲಗೆ ಮಾಡಲು ಹೇಳಿದ್ದು ಧೂಳಪ್ಪನಿಗೇ! ಅದರಲ್ಲಿ ಸಿದ್ದರಾಯನ ಹೆಸರು ಬರುವುದಿಲ್ಲವೆಂದು ಯಾರೂ ಅವನಿಗೆ ಬಿಡಿಸಿ ಹೇಳಲಿಲ್ಲ, ಅವನೂ ಕೇಳಲಿಲ್ಲ. ಹಲಗೆಗೆ ನಾಲ್ಕೂ ಕಡೆ ಬಳ್ಳಿ ಕೆತ್ತಿದ. ಸಾಗವಾನಿ ಒಳ್ಳೆಯದಿತ್ತು, ಎಳೆ ನೇರವಿತ್ತು, ಗಂಟು ಇರಲಿಲ್ಲ. ಕೆತ್ತುವಾಗ ಅವನ ತಲೆಯಲ್ಲಿ ಇದ್ದದ್ದು ಇಷ್ಟೇ. ನನಗಂತೂ ಆ ಹಿರಿಯರ ಮೇಲೆ ಇವತ್ತಿಗೂ ಸಿಟ್ಟಿದೆ. ಅವನಿಗೆ ಇರಲಿಲ್ಲ.

ಸಿಟ್ಟೋ ಅಳುವೋ ಎಲ್ಲ ಇದ್ದದ್ದು ಅವನ ಹೆಂಡತಿ ಹೊಳೆವ್ವನಿಗೆ. ಗಂಡ ಬಾಯಿ ಬಿಡದ್ದಕ್ಕೆ ಅವಳೂ ಬಾಯಿ ಕಟ್ಟಿಕೊಂಡು ಎರಡು ವರ್ಷ ಕಳೆದಿದ್ದಳು.

ಎಪ್ಪತ್ತಮೂರರ ಕೊನೆಗೆ, ಜೋಳ ತೆನೆ ಹಿಡಿಯುವ ಹೊತ್ತಿಗೆ, ತಿಕೋಟಾದ ಹುಸೇನಸಾಬ ಧೂಳಪ್ಪನ ಮನೆ ಹುಡುಕಿಕೊಂಡು ಬಂದ. ಬಗಲಲ್ಲಿ ಒಂದು ತಗಡಿನ ಡಬ್ಬಿ. ಹದಿನೈದು ವರ್ಷ ವಾಯುಪಡೆಯಲ್ಲಿ ಫಿಟ್ಟರ್ ಆಗಿ ದುಡಿದು ಬಂದವನು ಅವನು. ಅಣ್ಣನಿಗೆ ತಿಕೋಟಾದಲ್ಲಿ ದ್ರಾಕ್ಷಿ ತೋಟ ಇತ್ತು. ಇವನಿಗೆ ಮಣ್ಣಿನ ಸಹವಾಸ ಬೇಡವಾಗಿ ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಡೀಸೆಲ್ ಎಂಜಿನ್ನು ರಿಪೇರಿ ಇಟ್ಟುಕೊಂಡಿದ್ದ. ಎಂಜಿನ್ನು ಬಿಟ್ಟು ಕೂತ ಹೊತ್ತಿನಲ್ಲೆಲ್ಲ ಒಂದು ವಿಮಾನ ಮಾಡುತ್ತಿದ್ದ. ಹಾರುವುದಲ್ಲ, ನೋಡುವುದು. ಜನವರಿ ಇಪ್ಪತ್ತಾರಕ್ಕೆ ನಿವೃತ್ತ ಸೈನಿಕರೆಲ್ಲ ಸೇರಿ ವಿಜಾಪುರದಲ್ಲಿ ಒಂದು ಪ್ರದರ್ಶನ ಇಡುವವರಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ವಿಮಾನ, ಅದರ ಸುತ್ತ ಕೆಲಸದ ಮಂದಿ, ಇನ್ನೇನು ಹಾರಬೇಕು ಅನ್ನುವ ಗಳಿಗೆ, ಇಷ್ಟನ್ನೂ ಇದ್ದ ಹಾಗೇ ತೋರಿಸಬೇಕೆಂಬುದು ಅವನ ಹಟ.

ಡಬ್ಬಿ ತೆರೆದು ತೋರಿಸಿದ. ಕಟ್ಟಿಗೆ, ತಗಡು ಕೂಡಿಸಿ ಮಾಡಿದ ಹಂಟರ್ ಎಂಬ ಯುದ್ಧವಿಮಾನ, ಉದ್ದ ಒಂದು ಅಡಿಗೆ ಅರ್ಧ ಇಂಚು ಕಡಿಮೆ. ರೆಕ್ಕೆಯ ಕೆಳಗಿನ ಮೊಳೆ ಕೂಡ ಎಣಿಸುವಂತಿತ್ತು.

‘ವಿಮಾನ ನಂದ ಕೈ ಕೆಲಸ ರೀ. ಮಂದೀನ ಮಾಡಾಕ ಬರವಲ್ದು. ನಾ ಮಾಡಿದ್ರ ಎಲ್ಲಾರೂ ಗೂಟ ನಿಂತಂಗ ನಿಂದರ್ತಾರ. ನೀವು ಪಲ್ಲಕ್ಕಿಗೆ ಗೊಂಬಿ ಕೆತ್ತೂದು ನೋಡೀನಿ. ಏಳು ಮಂದಿ ಬೇಕು,’ ಎಂದ ಹುಸೇನಸಾಬ.

ಏಳು ಜನರನ್ನು ಬೆರಳು ಮಡಚಿ ಹೇಳಿದ: ನಿಂತು ನೋಡುವ ಸಾಹೇಬ ಒಬ್ಬ, ಏಣಿ ಹತ್ತುವ ಪೈಲಟ್ ಒಬ್ಬ, ಬಾಂಬಿನ ಗಾಡಿ ದೂಡುವವರು ಇಬ್ಬರು, ರೆಕ್ಕೆಯ ಮೇಲೆ ಕೂತ ಫಿಟ್ಟರ್, ಬೆಂಕಿ ಆರಿಸುವ ಸಿಲಿಂಡರ್ ಹಿಡಿದವನು, ಬಾವುಟ ತೋರಿಸುವವನು.

‘ಅಳತಿ?’ ಎಂದು ಧೂಳಪ್ಪ ಕೇಳಿದ.

‘ನಾಲ್ವತ್ತೆಂಟು ಇಂಚು ಇದ್ದದ್ದು ಇಲ್ಲಿ ಒಂದ ಇಂಚು. ಆರು ಫೂಟಿನ ಮನಷಾ ಒಂದೂವರಿ ಇಂಚು ಆಗ್ತಾನ.’

ಧೂಳಪ್ಪ ಗೋಣು ಹಾಕಿದ. ಮಗನೂ ವಿಮಾನದ ಹತ್ತಿರ ಇದ್ದವನೇ ಎಂದು ಬಾಯಿ ಬಿಡಲಿಲ್ಲ. ಮುಚ್ಚಿಡಬೇಕೆಂದೇನೂ ಅಲ್ಲ, ಹೇಳಬೇಕು ಅನಿಸಲಿಲ್ಲ.

ಹಾಲವಾಣದ ಹಗುರ ಕಟ್ಟಿಗೆ ತೆಗೆದುಕೊಂಡು ಕೂತ. ಕೊಡೆಯ ಕಡ್ಡಿ ಮಸೆದು ಮಾಡಿದ ಉಳಿಯಿಂದ ಮೂಗು, ಟೋಪಿ, ಬೂಟು ಬಿಡಿಸಿದ. ಕೈ ಬೆರಳುಗಳು ಕಟ್ಟಿಗೆಯಲ್ಲಿ ನಿಲ್ಲಲಿಲ್ಲ, ಮುರಿದವು. ಹುಣಸೆಬೀಜದ ಅಂಟಿಗೆ ಕಟ್ಟಿಗೆಯ ಹೊಟ್ಟು ಕಲಸಿ, ಆ ಮುದ್ದೆಯಿಂದ ಕೈ ಮಾಡಿ ಅಂಟಿಸಿದ. ಅಳಿಲಿನ ಬಾಲದ ಮೂರು ಕೂದಲು ಕಟ್ಟಿದ ಕುಂಚದಿಂದ ಹುಸೇನಸಾಬ ಕೊಟ್ಟ ಬಣ್ಣ ಬಳಿದ. ಸಮವಸ್ತ್ರದ ನೀಲಿ, ಬೂಟಿನ ಕಪ್ಪು, ಮುಖಕ್ಕೆ ಗೋದಿ ಬಣ್ಣ. ಹದಿನೈದು ದಿನ ಹಿಡಿಯಿತು. ಕೆಲಸ ಚೆನ್ನಾಗಿ ಬಂದಿದೆ ಎಂದು ಅವನಿಗೇ ಗೊತ್ತಾಯಿತು, ಸಂತೋಷವೇನೂ ಆಗಲಿಲ್ಲ.

ಬಸ್ಸು ಹಿಡಿದು ವಿಜಾಪುರಕ್ಕೆ ಹೋಗಿ, ಸೊಲ್ಲಾಪುರ ರಸ್ತೆಯ ಆ ವರ್ಕ್‌ಶಾಪಿನಲ್ಲಿ ಏಳೂ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದ. ಹುಸೇನಸಾಬ ಬಗ್ಗಿ ನೋಡಿದ. ಮೊದಲು ನಕ್ಕ, ಆಮೇಲೆ ತಲೆಗೆ ಕೈ ಹಚ್ಚಿದ.

ಸಾಹೇಬ ಎರಡೂಕಾಲು ಇಂಚು ಇದ್ದ. ಪೈಲಟ್ ಎರಡು. ಬಾಂಬಿನ ಗಾಡಿಯವರು ಒಂದೊಂದು ಇಂಚು. ಬೆಂಕಿ ಸಿಲಿಂಡರಿನವನು ಎಲ್ಲರಿಗಿಂತ ಗಿಡ್ಡ, ಸಾಹೇಬನ ಮೊಣಕಾಲಿನ ಮೇಲಕ್ಕೆ ಬರುತ್ತಿದ್ದ.

‘ಬಡಿಗ್ಯಾರ, ಇದೇನು ಮಾಡೀರಿ? ಈ ಪೈಲಟ್ ಒಳಗ ಕುಂತ್ರ ತಲಿ ಮ್ಯಾಲಿನ ಗಾಜ ಒಡಕೊಂಡ ಹೊರಗ ಬರ್ತೈತಿ!’

‘ದೊಡ್ಡವರನ್ನ ದೊಡ್ಡವರಾಗೇ ಮಾಡಬೇಕಲ್ರಿ,’ ಎಂದ ಧೂಳಪ್ಪ. ಅವನಿಗೆ ತಪ್ಪು ಎಲ್ಲಿದೆ ಎಂದು ನಿಜವಾಗಿ ತಿಳಿಯಲಿಲ್ಲ. ಅವನ ಅಪ್ಪ, ಅಜ್ಜ ಎಲ್ಲರೂ ಕೆತ್ತಿದ್ದು ಹಾಗೇ. ದೇವರು ಒಂದು ಗೇಣು ಇದ್ದರೆ ಛತ್ರಿ ಹಿಡಿದವನು ನಾಲ್ಕು ಬೆರಳು, ಪಂಜು ಹಿಡಿದವನು ಎರಡು ಬೆರಳು. ಒಂದೂವರೆ ಇಂಚು ಎಂದರೆ ನಡುವಿನವರ ಅಳತೆ ಎಂದು ಅವನು ತಿಳಿದಿದ್ದ. ಅಲ್ಲಿಂದ ಮೇಲಿನವರನ್ನು ಏರಿಸಿದ್ದ, ಕೆಳಗಿನವರನ್ನು ಇಳಿಸಿದ್ದ. ಇದರಲ್ಲಿ ಹೇಳಿಸಿಕೊಳ್ಳುವುದೇನಿದೆ?

ಹುಸೇನಸಾಬ ಒಳ್ಳೆಯವನು, ಆದರೆ ವಿಮಾನದ ವಿಷಯಕ್ಕೆ ಬಂದರೆ ಅವನಷ್ಟು ಮುಂಗೋಪಿ ಇನ್ನೊಬ್ಬನಿಲ್ಲ. ತಡೆದುಕೊಂಡು ಹೇಳಿದ: ‘ಇದು ದೇವರ ಪಲ್ಲಕ್ಕಿ ಅಲ್ರಿ. ಸಾಹೇಬಂದು ಪಗಾರ ದೊಡ್ಡದು, ಮೈ ದೊಡ್ಡದಲ್ಲ. ವಿಮಾನದ ಬುಡಕ ನಿಂತ್ರ ಸಾಹೇಬ ಅಷ್ಟ, ಕಸಾ ಹೊಡ್ಯಾವ ಅಷ್ಟ.’

‘ಎಲ್ಲಾರೂ ಒಂದ ಅಳತಿ?’

‘ದೇವರು ಯಾರ್ಗೆ ಎಷ್ಟು ಎತ್ತರ ಕೊಟ್ಟಾನೋ ಅಷ್ಟು. ಹುದ್ದೆಗೆ ತಕ್ಕಂಗ ಅಲ್ಲ.’

ಧೂಳಪ್ಪ ಆ ಸಾಲನ್ನೇ ನೋಡುತ್ತ ಕೂತ. ಹೊರಗೆ ಲಾರಿಗಳು ಹೋಗುತ್ತಿದ್ದವು. ಎರಡೂವರೆ ವರ್ಷದಲ್ಲಿ ಮೊದಲ ಸಲ ಅವನಿಗೆ ಏನೋ ಬೇಕು ಎನಿಸಿತು. ಈ ಮಂದಿಯ ನಡುವೆ ಸಿದ್ದರಾಯ ಇರಬೇಕು. ಹಲಗೆಯ ಮೇಲೆ ಇಲ್ಲದಿದ್ದರೆ ಬೇಡ, ಇಲ್ಲಿ ಇರಬೇಕು.

‘ಸಾಬ್ರ, ಗಾಲಿಗೆ ಗಾಳಿ ತುಂಬಾವ ಇವರಾಗ ಎಲ್ಲಿ ನಿಂದರ್ತಾನ?’

‘ಅಂವ ಇವರಾಗ ಬರಂಗಿಲ್ರಿ. ಗಾಲಿ ಕೆಲಸ ಮೊದಲ ಮುಗದಿರ್ತೈತಿ. ವಿಮಾನ ಹಾರೂ ಹೊತ್ತಿಗೆ ಗಾಲಿ ಮುಟ್ಟಾವ ಅಲ್ಲಿ ಇದ್ರ ಅದು ಸುಳ್ಳು ಚಿತ್ರ ಆಗ್ತೈತಿ.’

ಆ ಮಾತು ಸತ್ಯವೇ. ಧೂಳಪ್ಪ ಏಳೂ ಗೊಂಬೆಗಳನ್ನು ವಾಪಸು ಕಟ್ಟಿಕೊಂಡು, ವಾರದಲ್ಲಿ ಹೊಸದು ಮಾಡಿ ತರುತ್ತೇನೆಂದು ಬಸ್ಸು ಹತ್ತಿದ.

ಊರಿಗೆ ಬಂದು ಏಳು ಜನರನ್ನು ಹೊಸದಾಗಿ ಕೆತ್ತಿದ. ಈ ಸಲ ಬೆಂಕಿಕಡ್ಡಿಯೊಂದನ್ನು ಒಂದೂವರೆ ಇಂಚಿಗೆ ಮುರಿದು, ಪ್ರತಿಯೊಬ್ಬನ ಪಕ್ಕದಲ್ಲೂ ನಿಲ್ಲಿಸಿ ಅಳೆದ. ಕೈ ಮಾತ್ರ ಕೇಳುತ್ತಿರಲಿಲ್ಲ. ಸಾಹೇಬನನ್ನು ಹಿಡಿದರೆ ಉಳಿ ತಾನಾಗಿ ಕಟ್ಟಿಗೆ ಉಳಿಸುತ್ತಿತ್ತು, ಸಿಲಿಂಡರಿನವನನ್ನು ಹಿಡಿದರೆ ತಾನಾಗಿ ಕಡಿಯುತ್ತಿತ್ತು. ಮೂರು ತಲೆಮಾರಿನ ಕೈ ಅದು, ಅಷ್ಟು ಸುಲಭಕ್ಕೆ ಬಗ್ಗೀತೇ? ಹಾಗೂ ಹೀಗೂ ಎಲ್ಲರನ್ನೂ ಕಡ್ಡಿಯ ಅಳತೆಗೆ ತಂದ.

ಆಮೇಲೆ ಎಂಟನೆಯವನನ್ನು ಶುರು ಮಾಡಿದ. ಯಾರೂ ಕೇಳಿರಲಿಲ್ಲ, ಬರುವುದಿಲ್ಲ ಎಂದು ಹೇಳಿಯೂ ಆಗಿತ್ತು. ಆದರೂ ಮಾಡಿದ. ಆ ದೊಡ್ಡ ನೆಲೆಯಲ್ಲಿ ಮಗ ಹೇಗೆ ಕೂರುತ್ತಿದ್ದ ಎಂದು ಅವನು ನೋಡಿರಲಿಲ್ಲ. ನೋಡಿದ್ದು ಸೈಕಲ್ ಅಂಗಡಿಯಲ್ಲಿ: ಗಾಲಿಯ ಪಕ್ಕಕ್ಕೆ ಕುಕ್ಕರುಗಾಲಿನಲ್ಲಿ ಕೂತು, ಎಡಗೈ ಟೈರಿನ ಮೇಲೆ, ಬಲಗೈ ಗಾಳಿಯ ನಳಿಗೆಯ ಮೇಲೆ, ಕಿವಿ ಗಾಲಿಗೆ ತಾಗುವಷ್ಟು ಹತ್ತಿರ. ಹಾಗೇ ಕೂರಿಸಿದ. ಕುಕ್ಕರುಗಾಲಿನವನಿಗೆ ಕಡ್ಡಿಯ ಅಳತೆ ಹಿಡಿಯಲು ಬರುವುದಿಲ್ಲವಲ್ಲ, ಕಣ್ಣಂದಾಜಿನಲ್ಲಿ ಕೆತ್ತಿದ.

ಗೊಂಬೆಗಳು ಒಣಗಲೆಂದು ಮಣೆಯ ಮೇಲೆ ಇಟ್ಟಿದ್ದಾಗ ಹೊಳೆವ್ವ ಜೋಳ ಹಸನು ಮಾಡುತ್ತ ಹತ್ತಿರ ಬಂದು ಕೂತಳು. ಎಂಟನೆಯದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದಳು.

‘ಇಂವ ಯಾರು?’

‘ಸಿದ್ದರಾಯ,’ ಎಂದ ಧೂಳಪ್ಪ.

ಆ ಮನೆಯಲ್ಲಿ ಆ ಹೆಸರು ಕೇಳಿ ಬಹಳ ದಿನ ಆಗಿತ್ತು. ಹೊಳೆವ್ವ ಗೊಂಬೆಯನ್ನು ಉಳಿದವರ ನಡುವೆ ಇಟ್ಟು, ತಲೆ ಓರೆ ಮಾಡಿ ನೋಡಿದಳು.

‘ಇಷ್ಟ ಸಣ್ಣಾಂವ ಇದ್ದನೇನ್ರಿ ನನ್ನ ಮಗ? ಇಂವ ಎದ್ದ ನಿಂತ್ರ ಇವರ ಟೊಂಕಕ್ಕ ಬರಂಗಿಲ್ಲ.’

‘ಕುಂತಾನ, ಅದಕ್ಕ ಹಂಗ ಕಾಣತಾನ.’

‘ಕುಂತದ್ದು ನನಗ ಕಾಣಸಂಗಿಲ್ಲೇನು? ಕಾಲು ನೋಡ್ರಿ, ಬೆನ್ನು ನೋಡ್ರಿ. ಕೂಸಿನ ಮೈ ಮಾಡೀರಿ. ನನ್ನ ಮಗ ನಿಮಗಿಂತ ಎತ್ತರ ಇದ್ದ. ನಿಮ್ಮ ತಲಿಗೆ ಸುತ್ತಿದ ಪಟಗಾದ ಮ್ಯಾಲ ನಾಕ ಬೆರಳ ಇದ್ದ. ಸೂಟಿ ತಗೊಂಡ ಊರಿಗೆ ಬಂದಾಗೆಲ್ಲ ಈ ಬಾಗಲಕ್ಕ ಹಣಿ ಬಡಕೋತಿದ್ದ. ಅಪ್ಪಾ, ಚೌಕಟ್ಟು ನಾಕ ಬೆರಳ ಏರಸು ಅಂತ ಎಷ್ಟ ಸಲ ಅಂದಾನ! ನೀನ ಬಗ್ಗಿ ಬಾ ಅಂದ್ರಿ. ಊರ ಮಂದಿ ಬಾಗಲಾ ಎಲ್ಲಾ ಏರಸಿದ್ರಿ, ಮನಿ ಬಾಗಲಾ ಏರಸಲಿಲ್ಲ.’

ಧೂಳಪ್ಪ ಬಾಗಿಲ ಕಡೆ ನೋಡಿದ. ಅದು ಅವನೇ ಮಾಡಿದ ಚೌಕಟ್ಟು, ಅವನ ಎತ್ತರಕ್ಕೆ ಸರಿಯಾಗಿತ್ತು. ಮಗ ತನಗಿಂತ ಎತ್ತರ ಇದ್ದ ಎಂಬುದು ಅವನ ನೆನಪಿನಲ್ಲೇ ಇರಲಿಲ್ಲ. ಹಣೆ ಬಡಿದುಕೊಂಡದ್ದು ನೆನಪಿತ್ತು, ಹಣೆ ಅಷ್ಟು ಮೇಲಿದ್ದದ್ದು ನೆನಪಿರಲಿಲ್ಲ. ಕೂಲಿ ಮಾಡುವವನು, ಪಂಕ್ಚರ್ ತಿದ್ದುವವನು, ಅಪ್ಪನ ಕಸುಬು ಬರದವನು ಎಂದು ಬದುಕಿದ್ದಾಗಲೇ ಅವನನ್ನು ಗಿಡ್ಡ ಮಾಡಿ ಇಟ್ಟಿದ್ದ. ಪಂಜು ಹಿಡಿದವನಿಗೆ ಎರಡು ಬೆರಳು. ಹಿರಿಯರ ಹಲಗೆಯಲ್ಲಿ ಅವನ ಹೆಸರು ಬರದಿದ್ದಾಗ ಸಿಟ್ಟು ಯಾಕೆ ಬರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ತಾನೂ ಅವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಾಲಿನ ಜೋಮು ಬಿಡುವಾಗ ಮೊದಲು ಚುಚ್ಚುತ್ತದೆ. ಅವನಿಗೆ ಎದೆಯಲ್ಲಿ ಹಾಗೆ ಚುಚ್ಚಿತು. ಅಳು ಬರಲಿಲ್ಲ. ಆ ಗೊಂಬೆಯನ್ನು ಒಲೆಗೆ ಹಾಕಿ ಬೇರೆ ಕಟ್ಟಿಗೆ ತೆಗೆದುಕೊಂಡ. ‘ಎಷ್ಟಿದ್ದ, ತೋರಸು,’ ಎಂದು ಹೆಂಡತಿಯನ್ನು ಕೇಳಿದ. ಹೊಳೆವ್ವ ಎದ್ದು ನಿಂತು, ಬಾಗಿಲ ಮೇಲಿನ ಗೋಡೆಗೆ ಕೈ ಚಾಚಿ ತೋರಿಸಿದಳು. ಅಲ್ಲಿಗೆ ಗುರುತು ಹಾಕಿ, ದಾರ ಹಿಡಿದು ಅಳೆದ, ನಾಲ್ವತ್ತೆಂಟರಿಂದ ಭಾಗಿಸಿದ. ಆ ಅಳತೆಗೆ ಮೊದಲು ಒಂದು ನಿಂತ ಮನುಷ್ಯನನ್ನು ಕೆತ್ತಿ, ಅವನ ತೊಡೆ, ಬೆನ್ನು, ತೋಳು ನೋಡಿ ನೋಡಿ ಕೂತವನನ್ನು ಕೆತ್ತಿದ. ಮೂರು ದಿನ ಹೊಳೆವ್ವ ಪಕ್ಕದಿಂದ ಏಳಲಿಲ್ಲ. ಕಿವಿ ಇನ್ನೂ ದೊಡ್ಡದು ಎಂದಳು, ತಿದ್ದಿದ. ಬಣ್ಣ ಇನ್ನೊಂದಿಷ್ಟು ಕಪ್ಪು ಎಂದಳು, ತಿದ್ದಿದ.

ಜನವರಿ ಇಪ್ಪತ್ನಾಲ್ಕನೆಯ ತಾರೀಖಿಗೆ ಧೂಳಪ್ಪ ವರ್ಕ್‌ಶಾಪು ಮುಟ್ಟಿದಾಗ ಗಾಜಿನ ಪೆಟ್ಟಿಗೆ ತಯಾರಿತ್ತು. ಹುಸೇನಸಾಬ ಏಳು ಜನರನ್ನು ಅಳೆದು ನೋಡಿ ‘ವಾಹ್ ಬಡಿಗ್ಯಾರ!’ ಎಂದು ಬೆನ್ನು ತಟ್ಟಿದ. ಚಿಮಟಿಗೆಯಿಂದ ಒಬ್ಬೊಬ್ಬರನ್ನೇ ಎತ್ತಿ ಕಾಲಿಗೆ ಅಂಟು ಹಚ್ಚಿ ನಿಲ್ಲಿಸಿದ. ಪೈಲಟ್ ಏಣಿ ಏರಿದ. ಸಾಹೇಬ ಬೆನ್ನ ಹಿಂದೆ ಕೈ ಕಟ್ಟಿ ನಿಂತ. ಎಲ್ಲ ಮುಗಿದ ಮೇಲೆ ಧೂಳಪ್ಪ ಅಂಗಿಯ ಜೇಬಿನಿಂದ ಅರಿವೆಯಲ್ಲಿ ಸುತ್ತಿದ ಎಂಟನೆಯವನನ್ನು ತೆಗೆದ.

‘ಇದ್ಯಾರ್ರಿ? ಗಾಲಿಯಾಂವ ಬರಂಗಿಲ್ಲ ಅಂತ ಹ್ವಾದ ಸಲಾನ ಹೇಳಿದ್ನಲ್ಲ!’

‘ನನ್ನ ಮಗರಿ,’ ಎಂದ ಧೂಳಪ್ಪ. ‘ಸಿದ್ದರಾಯ ಅಂತ. ವಿಮಾನದ ಗಾಲಿಗೆ ಗಾಳಿ ತುಂಬತಿದ್ದ. ಲಡಾಯಿ ಸುರು ಆಗೂಕಿಂತ ನಾಕ ತಿಂಗಳ ಮೊದಲ ಗಾಲಿ ಸಿಡದು ಹ್ವಾದ. ಯಾ ಲೆಕ್ಕದಾಗೂ ಬರಲಿಲ್ಲ.’

ಹುಸೇನಸಾಬ ಚಿಮಟಿಗೆ ಕೆಳಗಿಟ್ಟ. ಗೊಂಬೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದ. ರೂಢಿಬಲದಿಂದ ತೊಡೆ, ಬೆನ್ನು ಅಳೆದ.

‘ಎದ್ರ ಸಾಹೇಬಗಿಂತ ಎತ್ತರ ಆಗ್ತಾನಲ್ರಿ.’

‘ಇದ್ದ,’ ಎಂದ ಧೂಳಪ್ಪ.

ಹುಸೇನಸಾಬ ಬ್ಲೇಡು ತೆಗೆದುಕೊಂಡು ಹಸಿ ಅಂಟಿನಲ್ಲಿ ನಿಂತಿದ್ದ ಪೈಲಟನನ್ನು ಏಣಿಯಿಂದ ಬಿಡಿಸಿದ, ತಂದು ಸಾಹೇಬನ ಪಕ್ಕ ನೆಲದ ಮೇಲೆ ನಿಲ್ಲಿಸಿದ. ಸಾಹೇಬನ ಮುಖವನ್ನು ಗಾಲಿಯ ಕಡೆ ತಿರುಗಿಸಿದ. ಬಾವುಟದವನನ್ನು ಹಿಂದೆ ಸರಿಸಿದ. ಬಾಂಬಿನ ಗಾಡಿಯವರನ್ನೂ ಅಲ್ಲೇ ತಡೆದ. ಹಟ ಹಿಡಿದು ತಿಂಗಳುಗಟ್ಟಲೆ ಕೂಡಿಸಿದ ಹಾರುವ ಗಳಿಗೆಯನ್ನು ಆ ಮುಂಗೋಪಿ ಕಾಲು ತಾಸಿನಲ್ಲಿ ಕೆಡವಿಬಿಟ್ಟ.

‘ಗಾಲಿ ಕೆಲಸ ಮುಗಿಯೂ ತನಕ ಪೈಲಟ್ ಹತ್ತಂಗಿಲ್ರಿ. ಎಂಥಾ ಸಾಹೇಬ ಇದ್ರೂ ನಿಂತ ಕಾಯಬೇಕು. ಈಗ ಇದು ಖರೇ ಚಿತ್ರ. ಕುಂದರಸ್ರಿ ನಿಮ್ಮ ಮಗನ್ನ.’

ಧೂಳಪ್ಪ ಮಗನ ಕಾಲಿಗೆ ಅಂಟು ಹಚ್ಚಿದ. ಗಾಲಿಯ ಪಕ್ಕಕ್ಕೆ, ಸೈಕಲ್ ಅಂಗಡಿಯಲ್ಲಿ ಕಂಡ ಹಾಗೆ, ಕಿವಿ ಗಾಲಿಗೆ ತಾಗುವಂತೆ ಇಡಲು ಹೋದ. ಹುಸೇನಸಾಬ ಥಟ್ಟನೆ ಅವನ ಮುಂಗೈ ಹಿಡಿದ.

‘ಬಾಜೂಕ ಬ್ಯಾಡ್ರಿ. ಗಾಲಿ ಸಿಡದ್ರ ಬಾಜೂಕ ಸಿಡೀತೈತಿ. ಮುಂದ ಕುಂದರಸ್ರಿ, ಗಾಲಿ ಉರಳೂ ದಿಕ್ಕಿಗೆ.’

ಧೂಳಪ್ಪನ ಕೈ ಅಲ್ಲೇ ನಿಂತಿತು.

‘ಅವಗ ಯಾರೂ ಹೇಳಿರಲಿಲ್ಲೇನ್ರಿ?’

‘ಹೇಳಿರ್ತಾರ್ರಿ,’ ಎಂದ ಹುಸೇನಸಾಬ, ಅವನ ಮುಖ ನೋಡದೆ. ‘ನಾನೂ ಎಷ್ಟೋ ಹುಡುಗೂರಿಗೆ ಹೇಳೀನಿ. ಸೈಕಲ್ ಅಂಗಡ್ಯಾಗ ಕುಂತ ರೂಢಿ ಲಗೂ ಬಿಡಂಗಿಲ್ಲ.’

ಧೂಳಪ್ಪ ಗೊಂಬೆಯನ್ನು ತಿರುಗಿಸಿದ. ಗಾಲಿಯ ಮುಂದಕ್ಕೆ ತಂದು, ಒಂದಿಷ್ಟು ದೂರ ಸರಿಸಿ, ಕೈಯಷ್ಟೇ ನಳಿಗೆಗೆ ಮುಟ್ಟುವ ಹಾಗೆ ಕೂರಿಸಿ, ಬೆರಳಿನಿಂದ ತಲೆಯನ್ನು ಒತ್ತಿ ಹಿಡಿದ. ಅಂಟು ಹಿಡಿಯಿತು. ಕೈ ಬಿಡ್ರಿ, ಗಟ್ಟಿ ಆಗೇತಿ ಎಂದು ಹುಸೇನಸಾಬ ಎರಡು ಸಲ ಹೇಳಿದ. ಅವನು ಬಿಡಲಿಲ್ಲ. ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

‘ಇಲ್ಲಿ ಕುಂತ್ರ ಬಡಿಯಂಗಿಲ್ಲ ಹೌದಲ್ರಿ, ಸಾಬ್ರ?’ ಎಂದು ಕೇಳಿದ.

‘ಬಡಿಯಂಗಿಲ್ರಿ,’ ಎಂದ ಹುಸೇನಸಾಬ.